ಠಾಕೂರರ ಹವೇಲಿಗೆ ಬಾಳೆಲೆ ಹಾಕಿದ ಸದಾನಂದಣ್ಣ

ಹಳೆಯ ಹಿಂದಿ ಚಿತ್ರಗಳ ತೆರೆಮರೆಯ ಕಥೆ ಬರೆಯುವುದು ನನ್ನ ಉದ್ಯೋಗ. ಗೋರೆಗಾಂವಿನ ಒಂದು ಯೂಟ್ಯೂಬ್ ಚಾನೆಲ್ಲಿನವರು ಅದಕ್ಕೆ ಸಂಬಳ ಕೊಡುತ್ತಾರೆ. ನಾನು ಹುಟ್ಟುವ ಮೊದಲೇ ಬಂದ, ಪೂರ್ತಿ ನೋಡಿಯೂ ಇರದ ಚಿತ್ರಗಳ ಬಗ್ಗೆ ‘ಯಾರಿಗೂ ಗೊತ್ತಿಲ್ಲದ ಸತ್ಯ’ ಹೇಳುತ್ತೇನೆ. ಅಪ್ಪ ವಿಕ್ರೋಳಿಯ ಬಿಲ್ಡಿಂಗಿನಲ್ಲಿ, ಮಗ ಅಮೋಲ್ ಸಿನಿಮಾದಲ್ಲಿದ್ದಾನೆ ಎಂದು ಹೇಳಿಕೊಂಡು ತಿರುಗುತ್ತಾರೆ. ಪೋಸ್ಟರಿನ ಕೆಳಗೆ ಮಲಗಿದ ನಾಯಿಯೂ ಅಷ್ಟರಮಟ್ಟಿಗೆ ಸಿನಿಮಾದಲ್ಲಿರುತ್ತದೆ.

ಆಫೀಸಿನ ಎದುರಿನ ಹೋಟೆಲಿನ ಗಲ್ಲೆಯಲ್ಲಿ ಕೂರುವವರು ಸದಾನಂದಣ್ಣ. ಉಡುಪಿ ಕಡೆಯವರು. ಪ್ರಾಯದಲ್ಲಿ ಸ್ಟುಡಿಯೋ ಕ್ಯಾಂಟೀನಿನಲ್ಲಿ ಬಡಿಸುತ್ತಿದ್ದರು. ಈಗ ಅಳಿಯ ಹಿತೇಶನ ಗಲ್ಲೆ ಕಾಯುತ್ತಾರೆ. ಅವರ ಬದುಕಿನಲ್ಲಿ ನಡೆದದ್ದು ಒಂದೇ ಘಟನೆ. ಅದನ್ನು ಇಡ್ಲಿಗೆ ಬಂದವರಿಗೂ ಹೇಳುತ್ತಿದ್ದರು, ಚಿಲ್ಲರೆ ಕೇಳಲು ಬಂದವರಿಗೂ ಹೇಳುತ್ತಿದ್ದರು.

ಈಗ ಮಹಾನ್ ಎನಿಸಿಕೊಂಡಿರುವ ಒಂದು ಚಿತ್ರದಲ್ಲಿ, ಉತ್ತರದ ಠಾಕೂರರ ಹವೇಲಿಯ ಮದುವೆ ಊಟದ ದೃಶ್ಯವಿದೆ. ಅದರ ಶೂಟಿಂಗಿನ ದಿನ ಹಿತ್ತಾಳೆಯ ತಟ್ಟೆಗಳ ಗಾಡಿ ಬರಲಿಲ್ಲ. ಬೆಳಕು ಹೋಗುವುದರೊಳಗೆ ಏನಾದರೂ ಹಾಕಿ ಬಡಿಸು ಎಂದು ಯಾರೋ ಕೂಗಿದರು. ಮರುದಿನದ ಚೌತಿಗೆಂದು ಕ್ಯಾಂಟೀನಿನಲ್ಲಿ ಬಾಳೆಲೆಯ ಕಟ್ಟಿತ್ತು. ಸದಾನಂದಣ್ಣ ಠಾಕೂರರನ್ನೆಲ್ಲ ಕೂರಿಸಿ, ತುದಿ ಎಡಕ್ಕೆ ಬರುವಂತೆ ಎಲೆ ಹಾಕಿ, ಊರಿನ ಕ್ರಮದಲ್ಲೇ ಉಪ್ಪು, ಉಪ್ಪಿನಕಾಯಿ, ಕೋಸಂಬರಿ ಬಡಿಸಿಬಿಟ್ಟರು. ಕ್ಯಾಮೆರಾ ನಾಯಕಿಯ ಕಣ್ಣೀರಿನ ಮೇಲಿತ್ತು, ಯಾರೂ ಗಮನಿಸಲಿಲ್ಲ.

ಕಥೆಯನ್ನು ಯಾರೂ ನಂಬುತ್ತಿರಲಿಲ್ಲ. ಮಾವ ಬಾಯಿ ತೆರೆದರೆ ಹಿತೇಶ್ ಟಿವಿಯ ಸದ್ದು ಹೆಚ್ಚಿಸುತ್ತಿದ್ದ. ಆ ಹೋಟೆಲಿನಲ್ಲಿ ಒಮ್ಮೆಯಾದರೂ ‘ಹೌದು, ಇವರು ಅಲ್ಲಿದ್ದರು’ ಅನ್ನಿಸಿಕೊಳ್ಳಬೇಕು ಎಂಬುದೊಂದೇ ಮುದುಕರ ಆಸೆ. ನಂಬಿದ್ದವರು ಹೆಂಡತಿ ರಾಜೀವಿಯಕ್ಕ ಒಬ್ಬರೇ. ಮದುವೆಯಾದ ಹೊಸದರಲ್ಲಿ ಕೇಳಿ ನಂಬಿದವರು, ಮತ್ತೆ ಬದಲಾಯಿಸುವ ಗೋಜಿಗೆ ಹೋಗಿರಲಿಲ್ಲ.

ಈ ವರ್ಷ ಆ ಚಿತ್ರದ ಪ್ರಿಂಟನ್ನು ಸರಿಪಡಿಸಿ ಬಾಂದ್ರಾದಲ್ಲಿ ತೋರಿಸಿದರು. ಲಿನನ್ ಜುಬ್ಬಾದ ಪಂಡಿತರು ವೇದಿಕೆ ಹತ್ತಿ, ಉತ್ತರದ ಮನೆಯಲ್ಲಿ ದಕ್ಷಿಣದ ಎಲೆ ಎಂದರೆ ವಧುವಿನ ಪರಕೀಯತೆಯ ಸಂಕೇತ ಎಂದರು. ಕೆಳಗೆ ಕೂತವರು ಹೌದೆಂದು ತಲೆಯಾಡಿಸಿದರು. ಅವರಲ್ಲಿ ಒಬ್ಬರೂ ಬಾಳೆಲೆ ತೊಳೆದವರಿರಲಿಕ್ಕಿಲ್ಲ. ನಮ್ಮ ಬಾಸ್ ಪ್ರೀತಮ್‌ಗೆ ಕೂಡಲೇ ‘ಎಲೆಯ ರಹಸ್ಯ’ ಬೇಕಾಯಿತು, ಜೊತೆಗೊಬ್ಬ ಸಾಕ್ಷಿಯೂ. ಸಾಕ್ಷಿ ಎದುರಿನ ಹೋಟೆಲಿನಲ್ಲೇ ಇದ್ದಾರೆ ಎಂದು ಬಾಲ ಅಲ್ಲಾಡಿಸಿದವನು ನಾನು.

ಸದಾನಂದಣ್ಣ ಇಸ್ತ್ರಿ ಅಂಗಿಯಲ್ಲಿ ಬಂದು, ಕ್ಯಾಮೆರಾ ಎದುರು ನಡೆದದ್ದನ್ನು ನಡೆದ ಹಾಗೆ ಹೇಳಿದರು. ಪ್ರೀತಮ್ ಆಕಳಿಸಿದ. ಗಾಡಿ ಬರಲಿಲ್ಲ ಎಂಬುದನ್ನು ಯಾರು ನೋಡುತ್ತಾರೆ, ಎಲೆ ಬೇಕೆಂದು ನಿರ್ದೇಶಕರೇ ಕೇಳಿದರು ಅನ್ನಲಿ, ಇಲ್ಲದಿದ್ದರೆ ಕಳಿಸು ಎಂದ. ಸಾಲು ಬರೆಯುವ ಕೆಲಸ ನನ್ನದಾಯಿತು. ಒಂದು ಚಹಾ ಮುಗಿಯುವಷ್ಟರಲ್ಲಿ ನಿರ್ದೇಶಕರ ಬಾಯಿಗೊಂದು ಮಾತು ಬರೆದೆ: ‘ಸದಾನಂದ, ಇದು ಎಲೆಯಲ್ಲ, ಆ ಹೆಣ್ಣಿನ ಅಂಗೈ.’ ಇದಕ್ಕೆ ಅರ್ಥವೇನೆಂದು ನನ್ನನ್ನು ಕೇಳಬಾರದು.

“ಆ ಮನುಷ್ಯ ನನ್ನ ಹತ್ರ ಆಡಿದ್ದು ಒಂದೇ ಮಾತು ಮಾರಾಯ, ‘ಹಟ್’ ಅಂತ,” ಎಂದರು ಸದಾನಂದಣ್ಣ. “ಫ್ರೇಮಿಗೆ ಅಡ್ಡ ಬಂದಿದ್ದೆ.”

“ಅದನ್ನ ಬಿಡ್ರಿ ಅಣ್ಣಾ. ಹಟ್ ಅಂದ್ರ ಯಾರ್ ನೋಡ್ತಾರ? ಹಿಂಗ ಹೇಳಿದ್ರ ಹಿತೇಶನೂ ನೋಡ್ತಾನ.”

ಅವರು ಇಸ್ತ್ರಿ ಅಂಗಿಯ ಕಾಲರು ಸರಿಮಾಡಿಕೊಂಡರು. ಆಮೇಲೆ ನನ್ನ ಸಾಲನ್ನು, ಕೊನೆಯಲ್ಲಿ ಗಂಟಲು ಕಟ್ಟಿಸಿಕೊಂಡು, ಹೇಳಿಬಿಟ್ಟರು. ನಾಚಿಕೆಯಾಗಬೇಕಿತ್ತು. ನನಗೆ ಅನ್ನಿಸಿದ್ದು, ಪರವಾಗಿಲ್ಲ, ಚೆನ್ನಾಗಿ ಬರೆಯುತ್ತೇನೆ ಎಂದು.

ವಿಡಿಯೋ ಓಡಿತು. ಹಿತೇಶ್ ಮಾವನ ಫೋಟೋ ದೊಡ್ಡದು ಮಾಡಿಸಿ ಗಲ್ಲೆಯ ಹಿಂದೆ ತೂಗುಹಾಕಿದ. ಮೊನ್ನೆವರೆಗೆ ನಗುತ್ತಿದ್ದ ಗಿರಾಕಿಗಳು ಸೆಲ್ಫಿಗೆ ನಿಂತರು.

ರಾಜೀವಿಯಕ್ಕ ಒಳಗಿನ ಮೇಜಿನಲ್ಲಿ ಕೊತ್ತಂಬರಿ ಬಿಡಿಸುತ್ತ, ವೇಟರ್ ಹುಡುಗನ ಫೋನಿನಲ್ಲಿ ಮೊದಲಿಂದ ಕಡೆವರೆಗೆ ನೋಡಿದರು. ಗಂಡನನ್ನು ಕೇಳಿದರು: “ಹಾಗಾದ್ರೆ ನಂಗೆ ಗಾಡಿ ಬರ್ಲಿಲ್ಲ ಅಂದದ್ದು ಎಂತ?”

“ಅದೂ ಹೌದು, ಇದೂ ಹೌದು,” ಎಂದರು ಸದಾನಂದಣ್ಣ, ಅವರ ಮುಖ ನೋಡದೆ.

“ಇಷ್ಟು ವರ್ಷ ನಿಮ್ಮನ್ನು ನಂಬಿದ್ದು ನಾನೊಬ್ಳೇ. ಈಗ ನಂಬ್ಲಿಕ್ಕೆ ಇಡೀ ಬೊಂಬಾಯಿ ಉಂಟಲ್ಲ. ನನ್ನನ್ನು ಬಿಟ್ಟುಬಿಡಿ.”

ಸದಾನಂದಣ್ಣ ನನ್ನ ಕಡೆ ತಿರುಗಿದರು. ನಾನು ದೋಸೆಯ ಮೇಲೆ ಬಗ್ಗಿದೆ. ಅಷ್ಟರಲ್ಲಿ ಹೊಸ ಗಿರಾಕಿಯೊಬ್ಬ ಫೋಟೋ ತೋರಿಸಿ, ಇದು ನೀವೇನಾ ಎಂದು ಹಿಂದಿಯಲ್ಲಿ ಕೇಳಿದ. ಮುದುಕರು ಬೆನ್ನು ನೆಟ್ಟಗೆ ಮಾಡಿಕೊಂಡು, ನಿರ್ದೇಶಕರು ಹೆಗಲ ಮೇಲೆ ಕೈಯಿಟ್ಟು ಏನೆಂದರು ಎಂದು ಶುರುಮಾಡಿದರು.

ಹೆಗಲ ಮೇಲೆ ಕೈಯನ್ನು ನಾನು ಬರೆದಿರಲಿಲ್ಲ.