ಚೀಟಿ ಹಿಡಿದು ಕೂತ ಕ್ಯಾಸ್

ಅದಕ್ಕೇ ಹೇಳಿದ್ದು, ಆವತ್ತು ಕ್ಯಾಸ್ ನಿದ್ದೆ ಹೊಡೆಯುತ್ತಿದ್ದರು ಅಂತ ಇನ್ನೊಂದು ಸಲ ಅನ್ನಬೇಡಿ. ಟಿವಿಯಲ್ಲಿ ಎಲ್ಲರೂ ನೋಡಿದ್ದಾರೆ, ನಿಜ. ಗದ್ದ ಎದೆಗೆ ಅಂಟಿದೆ, ಕಣ್ಣು ಕೆಳಗಿದೆ, ಕೈಯಲ್ಲಿ ಚೀಟಿ ಇದೆ. ಪಕ್ಕದ ಮೇಜಿನವನು ಎದ್ದು ಓಡುತ್ತಿದ್ದಾನೆ, ಇವರು ಮಾತ್ರ ಕೂತೇ ಇದ್ದಾರೆ. ಆದರೆ ಕಿವಿಗೂ ಹೆಗಲಿಗೂ ನಡುವೆ ಫೋನ್ ಸಿಕ್ಕಿಸಿಕೊಂಡವರು ಯಾರೇ ಆಗಲಿ ಹಾಗೇ ಕಾಣುತ್ತಾರೆ. ಕ್ಯಾಮೆರಾ ಇದ್ದದ್ದು ಫೋನ್ ಇಲ್ಲದ ಬದಿಗೆ.

ಕ್ಯಾಸ್ ವೊಯ್ತಾಸ್ ಅಂದರೆ ನಮ್ಮ ಸ್ಟೋಕರ್ಸ್ ಅನ್ನುವ ಅಮೆರಿಕನ್ ಫುಟ್‌ಬಾಲ್ ತಂಡದ ಸಾಮಾನು ನೋಡಿಕೊಳ್ಳುತ್ತಿದ್ದವರು. ಹೆಲ್ಮೆಟ್ಟಿನ ಪಟ್ಟಿ, ಹೆಗಲಿಗೆ ಕಟ್ಟುವ ಪ್ಯಾಡು, ಬೂಟಿನ ಮೊಳೆ, ಬೆವರಲ್ಲಿ ಅದ್ದಿ ತೆಗೆದಂಥ ಅಂಗಿಗಳು, ಎಲ್ಲ ಅವರ ಸುಪರ್ದಿಗೆ. ಅವರ ಅಪ್ಪ ಸರೋವರದ ದಂಡೆಯ ಉಕ್ಕಿನ ಕಾರ್ಖಾನೆಯಲ್ಲಿ ಕುಲುಮೆಗೆ ಕಲ್ಲಿದ್ದಲು ಹಾಕುತ್ತಿದ್ದರು. ಕಾರ್ಖಾನೆ ಮುಚ್ಚಿತು, ಊರಲ್ಲಿ ಉಳಿದದ್ದು ತಂಡ ಒಂದೇ. ಹಾಗಾಗಿ ಕ್ಯಾಸ್ ಮೀಸೆ ಚಿಗುರುವ ವಯಸ್ಸಿನಲ್ಲೇ ಅಲ್ಲಿಗೆ ಸೇರಿ, ತಲೆ ನೆರೆಯುವವರೆಗೂ ಅಲ್ಲೇ ಇದ್ದರು.

ಆ ಕೆಲಸಕ್ಕೆ ಒಂದು ಕಟ್ಟಳೆ ಉಂಟು. ಬಟ್ಟೆ ಬದಲಾಯಿಸುವ ಕೋಣೆಯಲ್ಲಿ ಕಿವಿಗೆ ಬಿದ್ದದ್ದು ಅಲ್ಲೇ ಉಳಿಯಬೇಕು. ಯಾವ ಆಟಗಾರ ಅತ್ತ, ಯಾರ ಮಂಡಿ ಕೆಟ್ಟಿದೆ, ಯಾರ ಮನೆ ಮುರಿಯಿತು, ಒಂದೂ ಹೊರಗೆ ಬರಬಾರದು. ಕ್ಯಾಸ್ ಹೆಂಡತಿ ಲೊರೇನ್ ಗೆಳತಿಯರ ಹತ್ತಿರ ಗೋಳಾಡುವುದುಂಟು, ನನ್ನ ಗಂಡ ದಿನಾ ಇಡೀ ಊರಿಗೆ ಬೇಕಾದ ಸುದ್ದಿ ಹೊಟ್ಟೆಯಲ್ಲಿಟ್ಟುಕೊಂಡು ಬರುತ್ತಾನೆ, ನನ್ನೆದುರು ಮಾತ್ರ ಸೂಪಿಗೆ ಉಪ್ಪು ಕಡಿಮೆ ಅಂತಷ್ಟೇ ಬಾಯಿ ಬಿಡುತ್ತಾನೆ ಅಂತ.

ಇನ್ನು ಡ್ರಾಫ್ಟ್ ವಿಷಯ. ಪ್ರತಿ ವಸಂತದಲ್ಲೂ ಕಾಲೇಜು ಮುಗಿಸಿದ ಹುಡುಗರನ್ನು ತಂಡಗಳು ಸರದಿಯ ಮೇಲೆ ಆರಿಸಿಕೊಳ್ಳುತ್ತವಲ್ಲ, ಹೋದ ವರ್ಷ ಮಣ್ಣು ಮುಕ್ಕಿದವರಿಗೆ ಮೊದಲ ಸರದಿ, ಗೆದ್ದವರಿಗೆ ಕೊನೆಯದು. ಈ ಸರದಿಯನ್ನು ಮಾರಬಹುದು, ಕೊಳ್ಳಬಹುದು. ಒಬ್ಬನೇ ಹುಡುಗನ ಮೇಲೆ ಕಣ್ಣಿದ್ದರೆ ನಿಮ್ಮ ಹತ್ತಿರ ಇರುವ ಮೂರು ನಾಲ್ಕು ಸರದಿ ಕೊಟ್ಟು ಮೇಲಕ್ಕೆ ಹತ್ತಬೇಕು. ಇಲ್ಲವೇ ಆಸೆ ಬಿಟ್ಟು, ಇನ್ನೊಬ್ಬರಿಗೆ ಜಾಗ ಕೊಟ್ಟು, ಬದಲಿಗೆ ಹೆಚ್ಚು ಸರದಿ ಇಸಿದುಕೊಂಡು ಕೆಳಕ್ಕೆ ಇಳಿಯಬೇಕು. ನಮ್ಮೂರಲ್ಲಿ ಜನ ಪಾರ್ಟಿ ಹಿಡಿಯುವುದೇ ಇದರಲ್ಲಿ. ಹತ್ತುವವರು ಮತ್ತು ಇಳಿಯುವವರು. ಒಂದೇ ಮನೆಯಲ್ಲಿ ಅಣ್ಣ ಹತ್ತುವವನು, ತಮ್ಮ ಇಳಿಯುವವನು, ಈಸ್ಟರ್ ಊಟದಲ್ಲಿ ಇಬ್ಬರಿಗೂ ಮಾತಿಲ್ಲ. ಲೊರೇನ್ ಅಣ್ಣ ಸ್ಟಾಶ್ ಕಟ್ಟಾ ಹತ್ತುವವನು. ಜೀವನದಲ್ಲಿ ಒಂದು ಸಲವಾದರೂ ಇದ್ದಬದ್ದದ್ದೆಲ್ಲ ಒಬ್ಬನ ಮೇಲೆ ಸುರಿಯಬೇಕು, ಹುಡುಗಿ ಆದರೂ ಸರಿ, ಚೆಂಡೆಸೆದು ಆಟ ನಡೆಸುವ ಕ್ವಾರ್ಟರ್‌ಬ್ಯಾಕ್ ಆದರೂ ಸರಿ ಅನ್ನುತ್ತಿದ್ದ. ಮೂರು ಮದುವೆಯಾದವನು ಅವನು. ಕ್ಯಾಸ್ ಅವರನ್ನು ಕೇಳಿದರೆ ಮಾತ್ರ, ನಾನು ಕಾಲುಚೀಲ ಮಡಚುವವನು, ನನಗೆ ಮೇಲೂ ಇಲ್ಲ ಕೆಳಗೂ ಇಲ್ಲ ಅಂತ ಜಾರಿಕೊಳ್ಳುತ್ತಿದ್ದರು.

ಡ್ರಾಫ್ಟ್ ನಡೆಯುವ ಹಾಲಿನಲ್ಲಿ ಪ್ರತಿ ತಂಡಕ್ಕೂ ಒಂದು ಮೇಜು, ಒಂದು ಫೋನು. ದೊಡ್ಡವರು ಯಾರೂ ಅಲ್ಲಿ ಕೂರುವುದಿಲ್ಲ. ಅವರೆಲ್ಲ ತಮ್ಮ ತಮ್ಮ ಊರಿನ ಆಫೀಸಿನಲ್ಲಿ ಬಾಗಿಲು ಹಾಕಿಕೊಂಡು ತಲೆ ಕೆಡಿಸಿಕೊಳ್ಳುತ್ತಿರುತ್ತಾರೆ. ಮೇಜಿನ ಮುಂದೆ ಕೂರಲು ಕಳಿಸುವುದು ಹಳೆಯ ಆಳುಗಳನ್ನು. ಫೋನಿನಲ್ಲಿ ಹೇಳಿದ ಹೆಸರನ್ನು ಚೀಟಿಯಲ್ಲಿ ಬರೆಯಬೇಕು, ಕೊಡು ಅಂದಾಗ ಎದ್ದು ಹೋಗಿ ಡ್ರಾಫ್ಟ್ ನಡೆಸುವವರ ಡೆಸ್ಕಿಗೆ ಕೊಡಬೇಕು, ಅಷ್ಟೇ ಕೆಲಸ. ಇಷ್ಟು ವರ್ಷ ಬೆವರಿನ ಬಟ್ಟೆ ಒಗೆದವರಿಗೆ ಸಿಗುವ ಮರ್ಯಾದೆ ಅದು. ಆ ವರ್ಷ ಕ್ಯಾಸ್ ಅವರ ಪಾಳಿ. ಲೊರೇನ್ ಹೊಸ ಕೋಟು ಕೊಡಿಸಿದಳು. ಚರ್ಚಿನ ಹಾಲಿನಲ್ಲಿ ದೊಡ್ಡ ಟಿವಿ ತಂದಿಟ್ಟು, ಕೀಲ್ಬಾಸಾ ಸಾಸೇಜು ಸುಟ್ಟು, ಇಡೀ ಕೇರಿ ಕಾದು ಕೂತಿತ್ತು. ತಮ್ಮವನೊಬ್ಬ ಟಿವಿಯಲ್ಲಿ ಬರುತ್ತಾನಲ್ಲ.

ನಮ್ಮದು ಏಳನೆಯ ಸರದಿ. ತಂಡದ ಮ್ಯಾನೇಜರ್ ಬ್ರೆಂಟ್ ಲಾಕ್‌ರಿಜ್ ಮೊದಲು ಮೇಲಕ್ಕೆ ಹತ್ತಲು ನೋಡಿದ. ಕೋಚ್‌ಗೆ ಒಬ್ಬ ಕ್ವಾರ್ಟರ್‌ಬ್ಯಾಕ್ ಬೇಕಿತ್ತು. ಮೂರನೆಯ ಸರದಿಯವರು ಕೇಳಿದ್ದು ಜಾಸ್ತಿ ಅಂತ ಲಾಕ್‌ರಿಜ್ ಚೌಕಾಸಿ ಮಾಡುತ್ತ ಕೂತ. ಅಷ್ಟರಲ್ಲಿ ಇನ್ನೊಂದು ತಂಡ ಕೇಳಿದಷ್ಟು ಕೊಟ್ಟು ಆ ಹುಡುಗನನ್ನು ಎತ್ತಿಕೊಂಡು ಹೋಯಿತು. ಜಿಪುಣತನದಿಂದ ಕೆಟ್ಟವನಿಗೆ ಆಮೇಲೆ ಆಸೆ ಹೆಚ್ಚಾಯಿತು. ನಮ್ಮ ಸರದಿ ಬಂದಾಗ, ಹೆಸರು ಕೊಡಲು ಇಂತಿಷ್ಟೇ ಹೊತ್ತು ಅಂತ ಗಡಿಯಾರ ಶುರುವಾಯಿತು. ಫೋನಿನ ಆ ತುದಿಯಲ್ಲಿ ಇದ್ದವಳು ಆಫೀಸಿನ ನೊರೀನ್ ಡಫಿ. ಅವಳು ಹೇಳಿದ ಹೆಸರು ಮಾಲಕಾಯ್ ಟಿಲ್‌ಮನ್. ಎದುರಾಳಿ ಕ್ವಾರ್ಟರ್‌ಬ್ಯಾಕನ್ನು ಅಟ್ಟಿಸಿಕೊಂಡು ಹೋಗಿ ನೆಲಕ್ಕೆ ಕೆಡಹುವುದರಲ್ಲಿ ಅವನ ಸಮ ಆ ವರ್ಷ ಇರಲಿಲ್ಲ. ಕ್ಯಾಸ್ ಬರೆದರು, ದುಂಡಗಿನ ಅಕ್ಷರದಲ್ಲಿ, ಒಂದು ಕಾಟು ಇಲ್ಲದೆ.

ಕೊಡಲು ಎದ್ದರು ಕೂಡ. ಆಗ ನೊರೀನ್ ಅಂದಳು: "ಕ್ಯಾಸ್, ಕೊಡ್ಬೇಡಿ. ತಡೀರಿ ಸ್ವಲ್ಪ. ಇವ್ರು ಇಳಿಯೋ ಮಾತಾಡ್ತಿದಾರೆ."

ಹದಿನಾಲ್ಕನೆಯ ಸರದಿಯವರು ನಮ್ಮ ಜಾಗಕ್ಕೆ ಬರಲು ಎರಡು ಸರದಿ ಹೆಚ್ಚಿಗೆ ಕೊಡುತ್ತೇವೆ ಅಂದಿದ್ದರು. ಲಾಕ್‌ರಿಜ್ ಮೂರು ಕೇಳಿದ. ಅವರು ಮೂರಕ್ಕೂ ಹೂಂ ಅಂದು ಡೆಸ್ಕಿಗೆ ತಿಳಿಸಿದರು. ನಮ್ಮ ಕಡೆಯಿಂದಲೂ ತಿಳಿಸಿದರೆ ಮುಗಿಯಿತು, ಎರಡೂ ಕಡೆಯವರು ಹೇಳದೆ ವ್ಯಾಪಾರ ಕುದುರಿದ ಹಾಗಲ್ಲ. ಆದರೆ ಮೂರಕ್ಕೆ ಒಪ್ಪಿದವರು ನಾಲ್ಕಕ್ಕೂ ಒಪ್ಪಬಹುದಲ್ಲ ಅಂತ ಅವನಿಗೆ ಹೊಳೆಯಿತು. ಕ್ಯಾಸ್ ಕಿವಿಗೆ ಅದೆಲ್ಲ ಬೀಳುತ್ತಿತ್ತು, ಕೋಚ್ ಮೇಜು ಗುದ್ದಿದ್ದು, ಯಾರೋ ಬೈದದ್ದು. ಗಡಿಯಾರ ತಲೆ ಮೇಲೇ ಇತ್ತು. ಅವರು ಒಂದು ಸಲ ಕೇಳಿದರಂತೆ, "ನೊರೀನ್, ಹೋಗ್ಲಾ?" ಅವಳು ಪಿಸುಗುಟ್ಟಿದಳು, "ತಡಿ ಅಂತಿದಾರೆ ಕ್ಯಾಸ್."

ಅಷ್ಟರಲ್ಲಿ ಸಮಯ ಮುಗಿಯಿತು. ಸಮಯ ಮುಗಿದರೆ ಸರದಿ ಸತ್ತು ಹೋಗುವುದಿಲ್ಲ, ಆದರೆ ಹಿಂದಿದ್ದವರು ನಮ್ಮನ್ನು ದಾಟಿ ಹೋಗಬಹುದು. ಎಂಟನೆಯವರ ಮೇಜಿನಲ್ಲಿ ಕೂತಿದ್ದವನು ಕ್ಯಾಸ್ ತರಹವೇ ಬಟ್ಟೆ ಒಗೆದು ಬದುಕಿದ ಮುದುಕ. ಅವನು ಕುಂಟುತ್ತ ಕುಂಟುತ್ತ ಓಡಿದ. ಅವನ ಚೀಟಿಯಲ್ಲಿ ಇದ್ದದ್ದೂ ಟಿಲ್‌ಮನ್ ಹೆಸರೇ. ಹದಿನಾಲ್ಕನೆಯವರಿಗೆ ಬೇಕಿದ್ದವನೂ ಅವನೇ, ಇನ್ನು ನಮಗೆ ಬೇಡ ಅಂತ ಅವರು ಫೋನಿಟ್ಟರು. ಕೊನೆಗೆ ನಮಗೆ ಸಿಕ್ಕಿದ್ದು ಒಬ್ಬ ಯಾರೋ, ಎರಡನೇ ವರ್ಷಕ್ಕೇ ಆಟ ಬಿಟ್ಟು ಹೋದ.

ಮರುದಿನ ಪತ್ರಿಕೆಯವರ ಮುಂದೆ ಲಾಕ್‌ರಿಜ್ ಮುಗುಳ್ನಕ್ಕು, ಹಾಲಿನಲ್ಲಿ ನಮ್ಮ ಮೇಜಿನ ಹತ್ತಿರ ಸ್ವಲ್ಪ ಎಡವಟ್ಟಾಯಿತು ಅಂದ. ಹೆಸರು ಹೇಳಲಿಲ್ಲ. ಹೇಳುವ ಅಗತ್ಯ ಏನಿತ್ತು, ಮೇಜಿನಲ್ಲಿ ಇದ್ದದ್ದು ಒಬ್ಬರೇ. ಕ್ಯಾಸ್ ಊರಿಗೆ ಬಂದಾಗ ಅವನು ತಾನೇ ಮೆಟ್ಟಿಲಿಳಿದು ಬಟ್ಟೆ ಒಗೆಯುವ ಕೋಣೆಗೆ ಬಂದ. ಅಷ್ಟು ವರ್ಷದಲ್ಲಿ ಅದೇ ಮೊದಲು.

"ಒಂದು ಸೀಸನ್ ನುಂಗ್ಕೋ ಕ್ಯಾಸ್," ಅಂದ. "ನನ್ನ ಹೆಸರು ಕೆಟ್ರೆ ತಂಡದ ಹೆಸರು ಕೆಡುತ್ತೆ. ನಾಳೆ ಯಾರೂ ನಮ್ಮ ಜೊತೆ ವ್ಯವಹಾರಕ್ಕೇ ಬರಲ್ಲ. ನಿನ್ನ ಹೆಸರು ಕೆಟ್ರೆ ಏನಾಗುತ್ತೆ, ನೀನೇ ಹೇಳು."

ಕ್ಯಾಸ್ ಮೆಷಿನ್ ಬಾಗಿಲಿಗೆ ಕೈ ಹಾಕಿ, "ಪಕ್ಕಕ್ಕೆ ಬನ್ನಿ ಮಿಸ್ಟರ್ ಲಾಕ್‌ರಿಜ್, ಟವೆಲ್ ಒಣಗಿದೆ," ಅಂದರು. ಅದು ಒಪ್ಪಿಗೆ ಅಂತ ಲಾಕ್‌ರಿಜ್ ತಿಳಿದ. ಒಪ್ಪಿಗೆಯೇ ಆಗಿತ್ತು ಕೂಡ. ಕೋಣೆಯ ಮಾತು ಹೊರಗೆ ಹೋಗಬಾರದು ಅನ್ನುವುದನ್ನು ಬಿಟ್ಟು ಆ ಮನುಷ್ಯನಿಗೆ ಬೇರೆ ಜಂಬ ಇರಲಿಲ್ಲ.

ಹೆಸರು ಕೆಟ್ಟರೆ ಏನಾಗುತ್ತದೆ ಅನ್ನುವುದು ಬೇಗನೇ ಗೊತ್ತಾಯಿತು. ಈಸ್ಟರಿಗೆ ಮುಂಚಿನ ಲೆಂಟ್ ಉಪವಾಸದ ಶುಕ್ರವಾರಗಳಲ್ಲಿ ಚರ್ಚಿನ ಹಾಲಿನಲ್ಲಿ ಮೀನಿನ ಊಟ ಹಾಕುತ್ತಾರೆ, ಕೋಸಿನ ಸಲಾಡು ಬಡಿಸುವುದು ಮೊದಲಿಂದಲೂ ಕ್ಯಾಸ್. ಸಾಲಿನಲ್ಲಿ ಬಂದವನೊಬ್ಬ ತಟ್ಟೆ ಚಾಚಿ, "ಬೇಗ ಹಾಕು ಮಾರಾಯ, ಟೈಮ್ ಮುಗಿದ್ರೆ ಹಿಂದಿನವ್ರು ದಾಟ್ಕೊಂಡು ಹೋಗ್ತಾರೆ," ಅಂದ. ಹಿಂದಿದ್ದವರು ನಕ್ಕರು. ಇನ್ನೊಬ್ಬಳು ಅಜ್ಜಿ, ಅವಳಿಗೆ ಫುಟ್‌ಬಾಲ್ ಚೆಂಡು ಉದ್ದವೋ ದುಂಡಗೋ ಗೊತ್ತಿಲ್ಲ, ಅವಳೂ ನಿದ್ದೆ ಸರಿಯಾಗಿ ಆಗುತ್ತಾ ಕ್ಯಾಸ್ ಅಂತ ಕೇಳಿದಳು. ಪಾಪ, ಅವಳು ನಿಜವಾಗಿಯೇ ಕಳಕಳಿಯಿಂದ ಕೇಳಿದ್ದು. ಅದು ಇನ್ನೂ ಉರಿಯಿತು.

ಆಚೆ ಟಿಲ್‌ಮನ್ ವರ್ಷ ವರ್ಷ ಬೆಳೆದ. ಅವನು ನಮ್ಮ ಮೈದಾನಕ್ಕೇ ಬಂದು ನಮ್ಮ ಕ್ವಾರ್ಟರ್‌ಬ್ಯಾಕನ್ನು ಕೆಡವಿದಾಗಲೆಲ್ಲ ಐವತ್ತು ಸಾವಿರ ಜನ ಕ್ಯಾಸ್ ಹೆಸರು ಹಿಡಿದು ಬೈಯುತ್ತಿದ್ದರು. ಆಗ ಕ್ಯಾಸ್ ಬಯಲಿನ ಬದಿಯಲ್ಲೇ ನಿಂತು, ಕೆಡವಿಸಿಕೊಂಡವನ ಹೆಲ್ಮೆಟ್ಟಿನೊಳಗೆ ಸಿಕ್ಕ ಹುಲ್ಲು ತೆಗೆಯುತ್ತಿದ್ದರು. ಹತ್ತಿದ್ದರೆ ಅವನು ಸಿಗುತ್ತಿದ್ದ, ಇಳಿದಿದ್ದರೆ ಇವನು ಸಿಗುತ್ತಿದ್ದ ಅಂತ ಊರಲ್ಲಿ ಲೆಕ್ಕ ಹಾಕುವುದೇ ಹಾಕುವುದು. ಹತ್ತುವವರಿಗೂ ಇಳಿಯುವವರಿಗೂ ಎಂದೂ ಕೂಡಿ ಬಾರದಿದ್ದದ್ದು ಈ ಒಂದು ವಿಷಯದಲ್ಲಿ ಕೂಡಿ ಬಂತು. ತಪ್ಪು ಮುದುಕನದು.

ಸೀಸನ್ ಒಂದು ಹೋಗಿ ನಾಲ್ಕಾಯಿತು. ಸೋತು ಸೋತು ಲಾಕ್‌ರಿಜ್‌ನನ್ನು ತೆಗೆದರು. ಹೋಗುವ ಮುಂಚೆ ಅವನು ಮಾಡಿದ ಕೊನೆಯ ಕೆಲಸಗಳಲ್ಲಿ ಒಂದು, ಖರ್ಚು ಇಳಿಸಲು ಹಳಬರನ್ನು ಮನೆಗೆ ಕಳಿಸಿದ್ದು. ಅದರಲ್ಲಿ ಕ್ಯಾಸ್ ಕೂಡ ಇದ್ದರು. ಆಮೇಲೆ ಅವನು ಟಿವಿಯಲ್ಲಿ ಪಂಡಿತನಾಗಿ ಕೂತ, ಯಾರು ಹತ್ತಬೇಕು ಯಾರು ಇಳಿಯಬೇಕು ಅಂತ ದೇಶಕ್ಕೆಲ್ಲ ಹೇಳಲು. ಒಂದು ದಿನ ಜೊತೆಯವರನ್ನು ನಗಿಸಲು, ನಮ್ಮಲ್ಲಿ ಒಬ್ಬ ಒಳ್ಳೆಯ ಮುದುಕ ಇದ್ದ, ಮೇಜಿನಲ್ಲೇ ಗೊರಕೆ ಹೊಡೆದ ಅಂತ ಕತೆ ಹೇಳಿದ. ಲೊರೇನ್ ಇಸ್ತ್ರಿ ಮಾಡುತ್ತ ನೋಡುತ್ತಿದ್ದಳು.

"ಇನ್ನೂ ಯಾರ ಮಾನ ಕಾಯ್ತಿದೀಯ ನೀನು?" ಅಂದಳು. "ಆ ಕೋಣೆನೇ ನಿನ್ನ ಹೊರಗೆ ಹಾಕಿ ಆಯ್ತು."

ಕ್ಯಾಸ್ ಮೂರು ದಿನ ಯೋಚಿಸಿದರು. ಸೋಮವಾರ ಬೆಳಿಗ್ಗೆ ಊರಿನ ರೇಡಿಯೋದಲ್ಲಿ ಜನ ಫೋನ್ ಮಾಡಿ ತಂಡವನ್ನು ಬೈಯುವ ಕಾರ್ಯಕ್ರಮ ಬರುತ್ತದೆ, ಅದಕ್ಕೆ ಫೋನ್ ಮಾಡಿ ಹೆಸರು ಹೇಳಿದರು. ನಡೆಸಿಕೊಡುವವನು ನಂಬದೆ ಎರಡು ಸಲ ಕೇಳಿದ. ಆಮೇಲೆ ಕ್ಯಾಸ್ ಮೊದಲಿಂದ ಕೊನೆಯವರೆಗೆ ಹೇಳಿದರು. ಏರಿಸಲಿಲ್ಲ, ಇಳಿಸಲಿಲ್ಲ, ಯಾರನ್ನೂ ಬೈಯಲಿಲ್ಲ. ಗ್ಯಾರೇಜು, ಸಲೂನು, ಬೇಕರಿ, ಎಲ್ಲ ಕಡೆ ಜನ ಕೈ ಕೆಲಸ ನಿಲ್ಲಿಸಿ ಕೇಳಿದರು. ಮುಗಿಯುವಷ್ಟರಲ್ಲಿ ನೊರೀನ್ ಫೋನ್ ಮಾಡಿದಳು. ಅವಳಿನ್ನೂ ಅಲ್ಲೇ ಕೆಲಸದಲ್ಲಿದ್ದಳು, ಕೆಲಸ ಹೋದರೂ ಹೋಗಲಿ ಅಂತ ಹೇಳಿದಳು, ಅವರು ಹೇಳಿದ್ದೆಲ್ಲ ನಿಜ, ಕೊಡಬೇಡಿ ಅಂದವಳು ನಾನೇ ಅಂತ.

ಎಲ್ಲರೂ ನಂಬಿದರು. ಒಬ್ಬರೂ ಸುಳ್ಳು ಅನ್ನಲಿಲ್ಲ. ಲೊರೇನ್ ಅಡುಗೆಮನೆಯಲ್ಲಿ ಕುರ್ಚಿಯ ಮೇಲೆ ಕೂತು ಕಣ್ಣೊರೆಸಿಕೊಂಡಳು. ಆಗ ರೇಡಿಯೋದವನು ಮೆಲ್ಲಗೆ ಕೇಳಿದ.

"ಒಂದೇ ಪ್ರಶ್ನೆ ಕ್ಯಾಸ್. ಟಿಲ್‌ಮನ್ ಹೆಸರು ಬರ್ದಾಗಿತ್ತು. ಚೀಟಿ ನಿಮ್ಮ ಕೈಯಲ್ಲೇ ಇತ್ತು. ಡೆಸ್ಕ್ ಕಣ್ಣೆದುರೇ ಇತ್ತು. ಎದ್ದು ಹೋಗಿ ಕೊಟ್ಬಿಟ್ಟಿದ್ರೆ ಯಾರು ವಾಪಸ್ ಇಸ್ಕೋತಿದ್ರು?"

ಕ್ಯಾಸ್ ಹೇಳಿದರು, "ತಡಿ ಅಂದ್ರು. ತಡೆದೆ."

ಅಷ್ಟೇ. ಅಲ್ಲಿಗೆ ಛಾವಣಿ ರಿಪೇರಿಯವರ ಜಾಹೀರಾತು ಬಂತು. ಅದು ಮುಗಿದ ಮೇಲೆ ಫೋನುಗಳ ಸುರಿಮಳೆ. ಒಬ್ಬನಾದರೂ ಲಾಕ್‌ರಿಜ್ ಬಗ್ಗೆ ಮಾತಾಡಲಿಲ್ಲ. ಅವನು ಹೇಗಿದ್ದರೂ ಹೊರಗಿನಿಂದ ಬಂದು ಹೊರಗೆ ಹೋದವನು. ಇವರು ನಮ್ಮವರು, ಕುಲುಮೆಯವನ ಮಗ, ನಮ್ಮ ನಸೀಬನ್ನು ಬರೆದು ಕೈಯಲ್ಲಿ ಹಿಡಿದು ಕೂತಿದ್ದರಲ್ಲ ಅಂತ. ನಿದ್ದೆ ಬಂದಿದ್ದರೆ ಕ್ಷಮಿಸಬಹುದಿತ್ತು, ವಯಸ್ಸಾಯಿತು ಅನ್ನಬಹುದಿತ್ತು. ಎಚ್ಚರ ಇದ್ದೂ ಏಳದವರನ್ನು ಏನನ್ನುವುದು? ಮುಂದಿನ ಪಂದ್ಯದ ಹೊತ್ತಿಗೆ ತಡಿ ಅಂದ್ರು, ತಡೆದೆ ಅನ್ನುವ ಆ ಎರಡು ಮಾತನ್ನು ಅಂಗಿಯ ಮೇಲೆ ಅಚ್ಚು ಹಾಕಿಸಿ ಮಾರಿದರು. ಸ್ಟಾಶ್ ಒಂದು ಕೊಂಡ. ತಂಗಿ ಮನೆಗೆ ಹಾಕಿಕೊಂಡು ಬರಲಿಲ್ಲ, ಅಷ್ಟು ನಾಚಿಕೆ ಇತ್ತು.

ಲೊರೇನ್ ಒಂದು ದಿನ ಹೇಳಿದಳಂತೆ, ಸುಮ್ಮನೆ ಬಾಯಿ ಮುಚ್ಚಿಕೊಂಡು ಇರಬಾರದಿತ್ತಾ ನೀನು, ನಾನಾದರೂ ಯಾಕೆ ಬಾಯಿ ಬಿಡಿಸಿದೆ ಅಂತ. ಕ್ಯಾಸ್ ಅವಳ ಮೇಲೆ ಸಿಟ್ಟಾಗಲಿಲ್ಲ. ಅವರಿಗೆ ಉರಿಯುವುದು ಬೇರೆ. ಊರಿನವರು ಕೇಳುವ ಮುಂಚೆಯೇ, ಆವತ್ತು ಪಕ್ಕದ ಮೇಜಿನ ಕುಂಟ ಮುದುಕ ಓಡುವುದನ್ನು ನೋಡುತ್ತಿದ್ದಾಗಲೇ, ಎದ್ದು ಹೋಗಿ ಕೊಡಬಹುದಿತ್ತಲ್ಲ ಅನ್ನುವ ಆ ಪ್ರಶ್ನೆಯನ್ನು ಅವರು ತಮಗೇ ಕೇಳಿಕೊಂಡಾಗಿತ್ತು. ಉತ್ತರ ಆಗಲೂ ಇಷ್ಟೇ ಇತ್ತು. ಒಂದು ಜೀವಮಾನ ಹೇಳಿದಷ್ಟು ಮಾಡಿ ಒಳ್ಳೆಯವನು ಅನ್ನಿಸಿಕೊಂಡಿದ್ದರು, ಮಾಡಿದ್ದು ಅದನ್ನೇ. ಅದೇ ಜನ ಅದೇ ಗುಣಕ್ಕೆ ಈಗ ಉಗಿಯುತ್ತಿದ್ದಾರೆ.

ಈಗ ಅವರು ಊರಾಚೆ, ರೈಲು ಹಳಿಯ ಆ ಬದಿಯ ಹೈಸ್ಕೂಲಿನಲ್ಲಿ ಕೆಲಸಕ್ಕಿದ್ದಾರೆ. ನೆಲಮಾಳಿಗೆಯಲ್ಲಿ ಮಕ್ಕಳ ತಂಡದ ಅಂಗಿ ಒಗೆಯುತ್ತಾರೆ. ಮಕ್ಕಳಿಗೆ ಅವರು ಯಾರು ಅಂತ ಗೊತ್ತಿಲ್ಲ, ಅಪ್ಪಂದಿರಿಗೆ ಗೊತ್ತು, ಅವರು ಕಾರಿನಿಂದ ಇಳಿಯುವುದಿಲ್ಲ. ನಾವು ಹೋದರೂ ಪ್ರಯೋಜನ ಇಲ್ಲ. ನಮ್ಮಲ್ಲಿ ಯಾರು ಬಾಗಿಲಲ್ಲಿ ನಿಂತರೂ, ಇವನು ಅದನ್ನೇ ಕೇಳಲು ಬಂದಿದ್ದಾನೆ ಅಂತ ಅವರು ಮುಖ ತಿರುಗಿಸುತ್ತಾರೆ, ಮತ್ತು ಸುಳ್ಳೇಕೆ, ನಮ್ಮ ನಾಲಿಗೆ ತುದಿಯಲ್ಲಿ ಅದೇ ಇರುತ್ತದೆ. ನೀವು ಈ ಊರಿನವರಲ್ಲ. ಟಿಲ್‌ಮನ್ ಸಿಕ್ಕಿದ್ದರೂ ಸಿಗದಿದ್ದರೂ ನಿಮ್ಮ ಗಂಟೇನೂ ಹೋಗಿಲ್ಲ. ಶಾಲೆ ಬಿಟ್ಟ ಮೇಲೆ ಸಂಜೆ ಹೊತ್ತು ಹಿಂದಿನ ಬಾಗಿಲು ತೆರೆದಿರುತ್ತದೆ, ಮೆಷಿನ್ ಸದ್ದು ಕೇಳುತ್ತದೆ. ನೀವೇ ಒಂದು ಸಲ ಹೋಗಿ, ಅದೊಂದನ್ನು ಕೇಳದೆ ಮಾತಾಡಿಸಿ ಬನ್ನಿ.