ಭಾವ ಓದಿ ಹೇಳಿದ ವೀಸಾ

ಸೋದರಮಾವನ ಮಗನನ್ನು ನಾನು ಭಾವ ಅನ್ನುತ್ತೇನೆ, ಅವನೂ ನನ್ನನ್ನು ಭಾವ ಅಂತಲೇ ಕರೆಯುತ್ತಾನೆ. ಬೇರೆಯವರು ಅಂದರೆ ಕೈ ಕೈ ಮಿಲಾಯಿಸುವಂಥ ಮಾತನ್ನು ಭಾವ ಅಂದರೆ ನಕ್ಕು ಬಿಡಬೇಕು, ಅದು ಈ ಸಂಬಂಧಕ್ಕಿರುವ ಸಲುಗೆ. ಅವನ ಮನೆ ಮೊಳಕಾಲ್ಮೂರು, ನಮ್ಮದು ಚಳ್ಳಕೆರೆ. ಇಬ್ಬರಿಗೂ ಒಂದೇ ಕೆಲಸ. ಹೊರದೇಶದ ಕಂಪನಿಯೊಂದು ಕಳಿಸುವ ಧ್ವನಿಗಳನ್ನು ಮನೆಯಲ್ಲಿ ಕೂತು ಕೇಳುವುದು, ಕೇಳಿದ್ದನ್ನು ಹಾಗೇ ಬರೆಯುವುದು. ಕನ್ನಡ, ತೆಲುಗು, ಎರಡೂ ಕಲಸಿದ ಗಡಿ ಮಾತು. ಕೆಲಸ ಮೊದಲು ಸಿಕ್ಕಿದ್ದು ನನಗೆ. ತೆಲುಗು ನನಗಿಂತ ಅವನಿಗೆ ಚೆನ್ನಾಗಿ ಬರುತ್ತದೆ ಅಂತ ನಾನೇ ಹೇಳಿ ಅವನನ್ನೂ ಸೇರಿಸಿದ್ದೆ.

ನನಗೆ ಇನ್ನೊಂದು ಹುಚ್ಚಿತ್ತು. ನಾನು ಮಾತು ಕಲಿತಿದ್ದೇ ತಾತನ ಹತ್ತಿರ, ತಾತನ ಜೊತೆ ಕಟ್ಟೆ ಮೇಲೆ ಕೂರುತ್ತಿದ್ದ ಮುದುಕರ ಹತ್ತಿರ. ಅವರೆಲ್ಲ ಒಬ್ಬೊಬ್ಬರಾಗಿ ಹೋದ ಮೇಲೆ ಫೋನು ಹಿಡಿದುಕೊಂಡು ಊರೂರು ತಿರುಗಿ, ಉಳಿದವರ ಮಾತು ಹಿಡಿಯಲು ಶುರು ಮಾಡಿದೆ. ಮೊಳಕಾಲ್ಮೂರಿನ ಹತ್ತಿರದ ಸಿದ್ದಾಪುರದ ಬಂಡೆಗಳ ನಡುವೆ ಕುರಿ ಕಾಯುತ್ತಿದ್ದ ಒಬ್ಬ ಅಜ್ಜ ಒಂದೊಂದು ಕುರಿಗೆ ಒಂದೊಂದು ಕೂಗು ಇಟ್ಟಿದ್ದ. ಅದನ್ನು ಹಿಡಿದುಕೊಂಡು ಬಂದು ಕೇಳಿದರೆ ಬರೀ ಗಾಳಿ. ಮತ್ತೆ ಹೋಗುವಷ್ಟರಲ್ಲಿ ಅಜ್ಜ ಇರಲಿಲ್ಲ. ಹಳಬರ ಧ್ವನಿಯನ್ನು ಕೆಡದಂತೆ ಹಿಡಿದು ಕಾಪಿಡುವುದನ್ನು ಒಂದು ವರ್ಷ ಕಲಿಸುವ ಕಾಲೇಜು ಸಮುದ್ರದಾಚೆಯ ಒಂದು ಚಿಕ್ಕ ದೇಶದಲ್ಲಿದೆ ಅಂತ ತಿಳಿದ ದಿನ ನನಗೆ ಅನ್ನ ಸೇರಲಿಲ್ಲ. ಅರ್ಜಿ ಹಾಕಿದೆ. ಸೀಟು ಸಿಕ್ಕಿತು, ಉಳಿಯಲು ಒಂದು ಕೋಣೆಯನ್ನೂ ಕೊಡುತ್ತೇವೆ ಅಂದರು.

ಭಾವನಿಗೆ ಹೇಳಿದೆ. ‘ನಾನೂ ಬರ್ತೀನಿ ಭಾವ. ಲ್ಯಾಪ್‌ಟಾಪು ಎಲ್ಲಿ ಇಟ್ಕೊಂಡು ಕುಂತ್ರೇನು’ ಅಂದ. ಆ ದೇಶದಲ್ಲಿ ವರ್ಷಗಟ್ಟಲೆ ಇರಲು ನಮ್ಮಂಥವರಿಗೆ ಎರಡು ದಾರಿ ಇದ್ದವು. ಒಂದು ಓದುವವರ ವೀಸಾ. ಇನ್ನೊಂದು, ಅಲ್ಲಿ ಕೂತು ಬೇರೆ ದೇಶದ ಕಂಪನಿಗೆ ದುಡಿಯುವವರ ವೀಸಾ. ಎರಡನೆಯದಕ್ಕೆ ಕಂಪನಿಯ ಪತ್ರ ಬೇಕು. ಒಬ್ಬೊಬ್ಬರಿಗೂ ಒಂದೊಂದು ಕಟ್ಟು ಕಾಗದ, ಕಟ್ಟಿನ ತುಂಬ ನಿಯಮ.

ಆಗ ನಾನೇ ಹೇಳಿದ್ದು, ‘ಮುಯ್ಯಾಳು ಮಾಡ್ಕೊಳ್ಳಾಣ ಭಾವ.’

ಶೇಂಗಾ ಕೀಳುವ ಕಾಲದಲ್ಲಿ ನಮ್ಮ ಕಡೆ ಮುಯ್ಯಾಳು ನಡೆಯುತ್ತದೆ. ಇವತ್ತು ನಮ್ಮ ಮನೆಯವರು ನಿಮ್ಮ ಹೊಲಕ್ಕೆ, ನಾಳೆ ನಿಮ್ಮವರು ನಮ್ಮ ಹೊಲಕ್ಕೆ. ಕೂಲಿಯ ಮಾತಿಲ್ಲ. ಬಂದ ಆಳಿಗೆ ಒಂದು ಸಾಲು ಬಿಟ್ಟುಕೊಟ್ಟರೆ ಮುಗಿಯಿತು, ಅವನು ಕಿತ್ತ ಸಾಲಿಗೆ ಹೊಲದ ಯಜಮಾನ ಮತ್ತೆ ಇಳಿದು ಕೆದಕುವಂತಿಲ್ಲ. ಕೆದಕಿದರೆ ‘ನಿನ್ನ ಮೇಲೆ ನನಗೆ ನಂಬಿಕೆ ಇಲ್ಲ’ ಅಂದಂತೆ. ಅಂಥವನ ಹೊಲಕ್ಕೆ ಮಾರನೇ ವರ್ಷ ಯಾರೂ ಬರುವುದಿಲ್ಲ. ನಮ್ಮ ಕಾಗದವನ್ನೂ ಅದೇ ಲೆಕ್ಕಕ್ಕೆ ತಂದೆವು. ನಮ್ಮ ತಪ್ಪು ನಮ್ಮ ಕಣ್ಣಿಗೆ ಬೀಳುವುದಿಲ್ಲ, ಆದ್ದರಿಂದ ಅವನದು ನಾನು ಓದುವುದು, ನನ್ನದು ಅವನು ಓದುವುದು.

ಭಾನುವಾರ ಭಾನುವಾರ ಎರಡೂ ಊರಿನ ನಡುವಿನ ಬಿ.ಜಿ. ಕೆರೆಯಲ್ಲಿ ಸೇರುತ್ತಿದ್ದೆವು. ನಾನು ಚಳ್ಳಕೆರೆಯಿಂದ ಬರುವ ಬಸ್ಸಿಗೆ, ಅವನು ಮೊಳಕಾಲ್ಮೂರಿನಿಂದ ಬರುವ ಬಸ್ಸಿಗೆ. ರಸ್ತೆ ಬದಿಯ ಹೋಟೆಲಿನಲ್ಲಿ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಮುಂದಿಟ್ಟುಕೊಂಡು ಕಾಗದ ಹರಡುತ್ತಿದ್ದೆವು.

‘ಏನ್ರಪಾ, ಅಣ್ಣತಮ್ಮಂದ್ರು ಆಸ್ತಿ ಪಾಲು ಮಾಡ್ಕೊಂತಿದ್ದೀರಾ?’ ಅಂತ ಹೋಟೆಲಿನವನು ಕೇಳಿದ.

‘ಅಣ್ಣತಮ್ಮಂದ್ರಲ್ರೀ, ಭಾವ ಭಾವ. ಪಾಲಿಗೆ ಏನೂ ಇಲ್ಲ, ಅದಕ್ಕೇ ನಗ್ತಾ ಇದೀವಿ’ ಅಂದ ನನ್ನ ಭಾವ.

ಅವನ ಕಟ್ಟನ್ನು ನಾನು ಅಕ್ಷರ ಅಕ್ಷರ ಓದಿದೆ. ಅವನ ಪಾಸ್‌ಪೋರ್ಟಿನ ಅವಧಿ ಅಲ್ಲಿರುವ ವರ್ಷ ಮುಗಿಯುವ ಮೊದಲೇ ತೀರುತ್ತಿತ್ತು. ಅವನು ಗಮನಿಸಿರಲಿಲ್ಲ. ಹೊಸದು ಮಾಡಿಸಲು ನಾನೇ ಜೊತೆಗೆ ಹೋಗಿ ಸಾಲಿನಲ್ಲಿ ನಿಂತೆ. ‘ನೀನಿಲ್ದಿದ್ರೆ ಏರ್‌ಪೋರ್ಟಿಂದ ವಾಪಸ್ ಬರ್ತಿದ್ದೆ ಭಾವ’ ಅಂತ ಅವತ್ತು ಹೆಗಲ ಮೇಲೆ ಕೈ ಹಾಕಿದ.

ಪತ್ರ ಬೇಕಾದೀತು ಅಂತ ಇಬ್ಬರೂ ಕಂಪನಿಗೆ ಬರೆದಿದ್ದೆವು. ಅಷ್ಟರಲ್ಲಿ ಅಲ್ಲಿನ ನಮ್ಮ ಮೇಲಿನವರು ಒಂದು ಮಾತು ಹೇಳಿದರು. ಇಬ್ಬರೂ ಒಟ್ಟಿಗೆ ದೇಶ ಬಿಟ್ಟರೆ ಕೆಲಸದ ಹೊತ್ತು ಕೂಡಿಬರುವುದಿಲ್ಲ, ಪತ್ರ ಒಬ್ಬರಿಗೆ ಮಾತ್ರ, ಯಾರಿಗೆ ಅಂತ ನೀವೇ ತೀರ್ಮಾನಿಸಿ. ಮುಂದಿನ ಭಾನುವಾರ ಅದನ್ನೇ ಇಟ್ಟುಕೊಂಡು ಕೂತೆವು. ನನ್ನ ಕಟ್ಟು ಅವನ ಕೈಯಲ್ಲಿತ್ತು.

‘ಓದಿದೆ ಭಾವ. ಕೆಲಸದ ವೀಸಾದಾಗೆ ಹೋದೋರು ಕ್ಲಾಸಿನ ಬಾಗ್ಲು ತುಳಿಯಂಗಿಲ್ಲ. ನಿಂಗೆ ಓದೋರ ವೀಸಾನೇ ಬೇಕು. ಪತ್ರ ನಂಗಿರ್ಲಿ ಬಿಡು.’

‘ಸರಿಯಾಗಿ ಓದಿದ್ಯಾ?’

‘ಲೇ, ನಿನ್ ಪೇಪರ್ ನಾನು ಓದಿದಂಗೆ ನನ್ ಹೆಂಡ್ತಿ ಮುಖನೂ ನೋಡಿಲ್ಲ.’

ಅವನಿಗೆ ಇನ್ನೂ ಮದುವೆ ಆಗಿರಲಿಲ್ಲ. ಜೋರಾಗಿ ನಕ್ಕೆವು. ಓದುವವರ ವೀಸಾ ಅಂದರೆ ಹೊರಗಿನ ಕೆಲಸ ಇಟ್ಟುಕೊಳ್ಳುವಂತಿಲ್ಲ ಅಂತಲೂ ಅವನೇ ಓದಿ ಹೇಳಿದ. ಅದು ನಿಜವೇ ಆಗಿತ್ತು. ಮಾರನೇ ದಿನ ಕಂಪನಿಗೆ ಬರೆದು ಕೆಲಸ ಬಿಟ್ಟೆ. ಪತ್ರ ಅವನ ಹೆಸರಿಗೆ ಬಂತು.

ಅವನ ವೀಸಾ ಬಂದ ವಾರವೇ ನಾನು ಹಾಕಿದ್ದ ವೀಸಾ ಅರ್ಜಿ ತಿರುಗಿ ಬಂತು. ಓದುವವರ ವೀಸಾ ವಾರವಿಡೀ ನಡೆಯುವ ಪಾಠಗಳಿಗೆ ಮಾತ್ರ, ನಿಮ್ಮದು ವಾರಕ್ಕೆ ಎರಡೇ ದಿನ ನಡೆಯುವ ಪಾಠ ಅಂತ ಕಾರಣ ಬರೆದಿತ್ತು. ಕಾಲೇಜಿಗೆ ಫೋನು ಮಾಡಿದೆ. ಆ ಕಡೆಯ ಹೆಂಗಸು ತುಂಬ ಒಳ್ಳೆಯವಳು, ನಿಧಾನವಾಗಿ ಬಿಡಿಸಿ ಹೇಳಿದಳು. ನಮ್ಮಲ್ಲಿಗೆ ಬರುವವರು ಹೆಚ್ಚಾಗಿ ಕೆಲಸದ ವೀಸಾದಲ್ಲೇ ಬರುತ್ತಾರೆ, ಆ ವೀಸಾದಲ್ಲಿ ವಾರಕ್ಕೆ ಎರಡು ದಿನ ಓದಲು ಅಡ್ಡಿ ಇಲ್ಲ, ಅದನ್ನು ನಿಮಗೆ ಕಳಿಸಿದ ಮೂರನೇ ಹಾಳೆಯಲ್ಲಿ ದಪ್ಪ ಅಕ್ಷರದಲ್ಲಿ ಹಾಕಿದ್ದೇವಲ್ಲ ಅಂದಳು.

ಕಂಪ್ಯೂಟರಿನಲ್ಲಿ ತೆಗೆದು ನೋಡಿದೆ. ಇತ್ತು. ಅಷ್ಟು ದಿನ ನನ್ನ ಬೆರಳ ತುದಿಯಲ್ಲೇ ಇದ್ದ ಹಾಳೆ. ಅವನು ಕಿತ್ತ ಸಾಲು ಅಂತ ನಾನು ಅದರ ಮೇಲೆ ಕಣ್ಣು ಹಾಯಿಸಿರಲಿಲ್ಲ.

ಮೊಳಕಾಲ್ಮೂರಿಗೆ ಹೋದೆ. ದಾರಿಯುದ್ದಕ್ಕೂ, ಅವನ ಕಣ್ಣಿಗೆ ಅದು ಬಿದ್ದಿರಲಿಕ್ಕಿಲ್ಲ ಅಂತ ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಬೀದಿಯಲ್ಲಿ ಮಗ್ಗಗಳ ಸದ್ದಿಗೆ ಮಾತು ಕೇಳುವಂತಿರಲಿಲ್ಲ. ಅವನನ್ನು ಕರೆದುಕೊಂಡು ಊರ ಹಿಂದಿನ ಗುಡ್ಡದ ಬುಡಕ್ಕೆ ನಡೆದೆ.

‘ಮೂರನೇ ಹಾಳೆ ಓದಿದ್ಯಾ?’

ಸುಳ್ಳು ಹೇಳಲಿ ಅಂತ ನಾನು ಒಳಗೊಳಗೇ ಕಾಯುತ್ತಿದ್ದೆ.

‘ಓದಿದ್ದೆ.’

‘ಯಾವಾಗ?’

‘ಮೊದಲ್ನೇ ಭಾನುವಾರಾನೇ.’

‘ಪತ್ರ ಒಬ್ರಿಗೇ ಅಂತ ಅವಾಗ ಗೊತ್ತೇ ಇರ್ಲಿಲ್ಲ ನಮಗೆ.’

‘ಹೇಳಾಣ ಅಂತಿದ್ದೆ ಭಾವ. ಅಷ್ಟ್ರಾಗೆ ಅವ್ರು ಒಬ್ರಿಗೇ ಅಂದ್ರು.’ ನೆಲ ನೋಡಿಕೊಂಡು ಮುಂದುವರಿಸಿದ. ‘ನಿಂಗೆ ಮಾತೈತೆ. ಎಲ್ಲಿ ಕುಂತ್ರೂ ನಾಲ್ಕು ಜನ ಸೇರ್ತಾರೆ. ಮುಂದಿನ್ ವರ್ಷ ಆದ್ರೂ ಕರೀತಾರೆ ನಿನ್ನ. ನಂಗೆ ಇಂಥದ್ದು ಇನ್ನೊಂದ್ಸಲ ಬರಲ್ಲ.’

‘ಕೇಳಿದ್ರೆ ಕೊಡ್ತಿದ್ದೆ’ ಅಂದೆ. ಇದು ನಿಜವೋ ಸುಳ್ಳೋ ಇವತ್ತಿಗೂ ನನಗೆ ಗೊತ್ತಿಲ್ಲ. ಕೊಡುತ್ತಿರಲಿಲ್ಲವೇನೋ. ಸಿದ್ದಾಪುರದ ಅಜ್ಜನಂಥವರು ಇನ್ನೂ ನಾಲ್ಕಾರು ಜನ ಉಳಿದಿದ್ದರು, ಮುಂದಿನ ವರ್ಷ ಎಷ್ಟು ಜನ ಇರುತ್ತಾರೋ. ಆದರೆ ಅವನು ಕೇಳಬಹುದಿತ್ತು. ಜಗಳ ಆಡಬಹುದಿತ್ತು, ಚೀಟಿ ಎತ್ತೋಣ ಅನ್ನಬಹುದಿತ್ತು. ಭಾವ ಅನ್ನೋ ಸಲುಗೆ ಇರೋದು ಮತ್ತೆ ಯಾತಕ್ಕೆ?

ಅವನು ಯಾರಿಗೂ ಹೇಳಬೇಡ ಅನ್ನಲಿಲ್ಲ. ಯಾಕೆ ಅನ್ನಲಿಲ್ಲ ಅನ್ನುವುದು ವಾಪಸ್ಸು ಬರುವಾಗ ಬಸ್ಸಿನಲ್ಲಿ ಹೊಳೆಯಿತು. ಅವ್ವನಿಗೆ ತವರು ಅಂದರೆ ಅದೊಂದೇ ಮನೆ. ಅಣ್ಣನ ಮನೆಯಿಂದ ಬಂದ ಸೀರೆಯನ್ನು ಕೇರಿಗೆಲ್ಲ ತೋರಿಸಿದ ಮೇಲೆಯೇ ಉಡುವವಳು ಅವಳು. ನಾನು ಬಾಯಿ ಬಿಟ್ಟರೆ ಆ ಬಾಗಿಲು ಮುಚ್ಚಿದಂತೆ. ನಾನು ಬಿಡುವುದಿಲ್ಲ ಅಂತ ಅವನಿಗೆ ಗೊತ್ತಿತ್ತು. ಮೂರನೇ ಹಾಳೆ ಮುಚ್ಚಿಟ್ಟಾಗಲೇ ಅವನು ಇದನ್ನೂ ನೆಚ್ಚಿಕೊಂಡಿದ್ದ. ವೀಸಾ ಹೋದದ್ದಕ್ಕಿಂತ ಇದು ಹೆಚ್ಚು ಸುಟ್ಟಿತು.

ಮನೆಗೆ ಬಂದು ಕಾಲೇಜಿಗೆ ಬರೆದೆ, ಸೀಟನ್ನು ಬೇರೆಯವರಿಗೆ ಕೊಡಿ ಅಂತ. ಕಂಪನಿಯಲ್ಲಿ ನನ್ನ ಜಾಗಕ್ಕೆ ಆಗಲೇ ಇನ್ನೊಬ್ಬರು ಬಂದಿದ್ದರು.

ಹೊರಡುವ ಮೊದಲು ಅವನನ್ನು ಅವ್ವ ಊಟಕ್ಕೆ ಕರೆದಳು. ಹೋಳಿಗೆ ಮಾಡಿದಳು. ಶೇಂಗಾ ಚಟ್ನಿಪುಡಿಯನ್ನು ಎರಡೆರಡು ಕವರಿಗೆ ಹಾಕಿ, ಬಾಯಿ ಬಿಗಿದು ಕಟ್ಟಿಕೊಡು ಅಂತ ನನ್ನ ಕೈಗೆ ಕೊಟ್ಟಳು. ಕಟ್ಟಿದೆ. ನಮ್ಮಿಬ್ಬರನ್ನೂ ಎದುರುಬದುರು ಕೂರಿಸಿ ಬಡಿಸುತ್ತ ನನಗೆ ಹೇಳಿದಳು:

‘ನೋಡು, ನಿನ್ ಭಾವ ಎಷ್ಟು ನೀಟಾಗಿ ಪೇಪರ್ ಮಾಡ್ಕೊಂಡ. ಊರೋರ್ ಮುಂದೆಲ್ಲ ಮಾತಾಡ್ತೀಯ, ಒಂದ್ ಕಾಗ್ದ ಸರಿಯಾಗಿ ಓದಕ್ಕಾಗ್ಲಿಲ್ಲ ನಿಂಗೆ.’

‘ಹೌದವ್ವ, ಓದ್ಲಿಲ್ಲ’ ಅಂದೆ.

ಭಾವ ತಲೆ ಎತ್ತಲಿಲ್ಲ. ತಟ್ಟೆಯನ್ನು ಅವಳ ಕಡೆ ಸ್ವಲ್ಪ ಸರಿಸಿ, ‘ಇನ್ನೊಂದೀಟು ಅನ್ನ ಹಾಕು ಅತ್ತೆ’ ಅಂದ.