ಅಪ್ಪನ ದನಿ, ಅಕ್ಕನ ದರ

ಅಪ್ಪನ ಗಂಟಲು ನಿಜಕ್ಕೂ ಎಷ್ಟು ದಿನ ಕಟ್ಟಿತ್ತು ಎಂಬುದು ನನಗಿನ್ನೂ ಬಗೆಹರಿದಿಲ್ಲ. ಯಾರ ಕೆಮ್ಮನ್ನಾದರೂ ಯಥಾವತ್ತಾಗಿ ಕೆಮ್ಮಿ ತೋರಿಸುವ ನನಗೇ ಪತ್ತೆಯಾಗಲಿಲ್ಲವೆಂದರೆ, ಒಂದೋ ನನ್ನ ವಿದ್ಯೆ ಅರೆಬರೆ, ಇಲ್ಲವೇ ಅಪ್ಪ ನನಗಿಂತ ದೊಡ್ಡ ನಟ.

ನಮ್ಮದು ಬ್ಯಾಡಗಿಯಲ್ಲಿ ಮೆಣಸಿನಕಾಯಿ ಅಂಗಡಿ. ಮಾರುಕಟ್ಟೆಯಲ್ಲಿ ಮಾಲು ಹಿಡಿದು ಹೊರಗಿನ ಖಾರದಪುಡಿ ಗಿರಣಿಗಳಿಗೆ ಕಳಿಸುವುದು ಅಪ್ಪನ ಕೆಲಸ. ಸುಗ್ಗಿ ಬಂತೆಂದರೆ ಊರೇ ಸೀನುತ್ತದೆ. ಯಾವ ವ್ಯಾಪಾರಿ ಹೇಗೆ ಸೀನುತ್ತಾನೆಂದು ಮದುವೆ ಮನೆಗಳಲ್ಲಿ ಮಾಡಿ ತೋರಿಸಿ, ಎರಡನೇ ಸಲ ಹೋಳಿಗೆ ಬಡಿಸಿಕೊಂಡವನು ನಾನು. ನಿನ್ನ ಸ್ವಂತ ದನಿ ಯಾವುದಪ್ಪಾ ಎಂದರೆ ಮಾತ್ರ ಸ್ವಲ್ಪ ಯೋಚಿಸಬೇಕು.

ಅಕ್ಕ ಹಾವೇರಿಯಲ್ಲಿ ಬಿ.ಕಾಂ. ಮುಗಿಸಿದವಳು. ಅಂಗಡಿಯ ಗಲ್ಲಾ ಬಳಿ ಕೂರುತ್ತಾಳೆಂದು ಎಲ್ಲರೂ ಅಂದುಕೊಂಡರೆ, ಅವಳು ಅಪ್ಪನ ಜೊತೆ ಮಾರುಕಟ್ಟೆಗೆ ಹೊರಟಳು. ಅಲ್ಲಿ ಹೆಂಗಸರಿಗೇನು ಬರವಿಲ್ಲ. ರಾಶಿಯ ಸುತ್ತ ಕೂತು ತೊಟ್ಟು ಬಿಡಿಸುವವರೆಲ್ಲ ಅವರೇ. ಆದರೆ ಚೀಲದೊಳಗೆ ಮೊಳಕೈವರೆಗೆ ಕೈ ಇಳಿಸಿ, ತಳದಿಂದ ಒಂದು ಹಿಡಿ ಕಾಯಿ ತೆಗೆದು, ಕಿವಿಯ ಹತ್ತಿರ ಅಲ್ಲಾಡಿಸಿ, ಕಾಯಿ ಒಣಗಿದ್ದರೆ ಮಾತ್ರ ಗಲಗಲ ಎನ್ನುವ ಬೀಜದ ಸಪ್ಪಳ ಕೇಳಿ ದರ ಕಟ್ಟುವವರು ಗಂಡಸರು. ಅಕ್ಕ ಮೊದಲ ಸಲ ಕೈ ಇಳಿಸಿದಾಗ ಬಳೆಗಳು ಚೀಲದ ಬಾಯಿಗೆ ಸಿಕ್ಕಿಕೊಂಡವು. ಪಕ್ಕದ ಅಂಗಡಿಯವರು, ಮನೆಗೆ ಖಾರ ಕುಟ್ಟಿಸಲು ಬೇಕಾಗಿತ್ತೇನವ್ವಾ ಎಂದು ನಕ್ಕರು. ಅಪ್ಪ ಅವರ ಕಡೆ ತಿರುಗಲೇ ಇಲ್ಲ. ಅಕ್ಕನನ್ನಷ್ಟೇ ಕೇಳಿದ: "ಏನಂತೈತಿ ಬೀಜ?"

ಮರುದಿನ ಅವಳ ಬಳೆಗಳು ಮನೆಯಲ್ಲೇ ಉಳಿದವು. ಆಮೇಲೆ ಪ್ರತಿ ಚೀಲದ ಮುಂದೆಯೂ ಅಪ್ಪನದು ಅದೇ ಪ್ರಶ್ನೆ. ಅವಳು ಹೇಳಿದ ದರಕ್ಕೇ ಮಾಲು ಹಿಡಿಯುತ್ತಿದ್ದ. ಆದರೆ ಗಿರಣಿಯವರೊಂದಿಗೆ ಫೋನಿನಲ್ಲಿ ಮಾತಾಡುವವನು ಅಪ್ಪನೇ ಆದ್ದರಿಂದ, ಅವರ ಪಾಲಿಗೆ ಅದೆಲ್ಲ ಅಪ್ಪನ ಲೆಕ್ಕಾಚಾರವೇ.

ಹೀಗಿರುವಾಗ ಮೆಣಸಿನಕಾಯಿಯ ಘಾಟಿಗೆ ಅಪ್ಪನ ಗಂಟಲು ಕಟ್ಟಿತು. ಫೋನನ್ನು ಅಕ್ಕನ ಕಡೆ ಸರಿಸಿ ಸುಮ್ಮನೆ ಕೂತ. ರಾಣೆಬೆನ್ನೂರಿನ ಗಿರಣಿ ಮಾಲೀಕರು ನಮ್ಮ ಹಳೆಯ, ಎಲ್ಲರಿಗಿಂತ ದೊಡ್ಡ ಗಿರಾಕಿ. ಅವರದು ಒಂದೇ ಮಾತು, ಅಪ್ಪಗ ಕೊಡವಾ. ಆಗ ನನ್ನ ವಿದ್ಯೆ ಉಪಯೋಗಕ್ಕೆ ಬಂತು. ಅಕ್ಕ ಪಿಸುಗುಟ್ಟುವುದು, ನಾನು ಅಪ್ಪನ ಹಾಗೆ ಉದ್ದನೆಯ ಒಂದು 'ಹೂಂ' ಎಳೆದು ಅದನ್ನೇ ಹೇಳುವುದು. ಮಾಲೀಕರು ಒಪ್ಪಿದರು, ದನಿ ಸ್ವಲ್ಪ ಒಡೆದಿದೆ, ಕಷಾಯ ಕುಡಿಯಿರಿ ಎಂದೂ ಹೇಳಿದರು. ನಾನು ಬೀಗಿದೆ. ಅಕ್ಕನಿಗೆ ಮಾತ್ರ ಸಿಟ್ಟು.

"ದರ ನಂದು, ದನಿ ಅಪ್ಪಂದು. ನಡುವ ನೀ ಯಾಂವಲೇ?"

ಒಂದು ಸೋಮವಾರ ನೋಡಲು ಬಲು ಚಂದದ ಮಾಲು ಬಂತು. ಮೇಲೆ ಕೆಂಪಗೆ ಸುಕ್ಕುಸುಕ್ಕು ಕಾಯಿ. ಅಕ್ಕ ತಳದ ಹಿಡಿಯನ್ನು ಅಲ್ಲಾಡಿಸಿ ಬೇಡವೆಂದಳು. ಅಷ್ಟರಲ್ಲಿ ಯಾರಿಂದಲೋ ಅದರ ಸುದ್ದಿ ಕೇಳಿದ ಮಾಲೀಕರ ಫೋನು: ಅದೇ ಮಾಲು ಈಗಲೇ ಬೇಕು, ಅಪ್ಪಗ ಕೊಡು. ನಾನು 'ಹೂಂ' ಎಳೆಯಲು ಬಾಯಿ ತೆರೆದೆ. ಅಪ್ಪ ತಟ್ಟೆಯಲ್ಲಿದ್ದ ಬಿಸಿ ಮಿರ್ಚಿ ಭಜಿಯನ್ನು ಇಡಿಯಾಗಿ ಆ ಬಾಯಿಗೆ ತುರುಕಿದ.

ಕಣ್ಣಲ್ಲಿ ನೀರು ತುಂಬಿಕೊಂಡು ನಾನು ಕೇಳಿಸಿಕೊಂಡದ್ದು ಅಕ್ಕನ ದನಿಯನ್ನು: "ಕಾಕಾ, ಮ್ಯಾಲ ಚಲೋ ಕಾಣತೈತ್ರಿ, ತಳದಾಗ ಹಸಿ ಐತಿ. ಇದನ್ನ ನಾ ಕಳಸಂಗಿಲ್ರಿ. ಗುರುವಾರದ ಮಾರ್ಕೆಟ್ ತನಕ ತಡೀರಿ."

ಅವರು ಫೋನಿಟ್ಟುಬಿಟ್ಟರು. ಹಳೆಯ ಗಿರಾಕಿ ಕೈತಪ್ಪಿತೆಂದು ಅವ್ವ ಸಂಜೆಯವರೆಗೂ ಗೊಣಗಿದಳು. ಅಕ್ಕ ಊಟ ಮಾಡಲಿಲ್ಲ. ಅಪ್ಪನೇಕೆ ಹೀಗೆ ಮಾಡಿದ ಎಂದು ನನ್ನ ತಲೆಯಲ್ಲಿ ಹುಳ ಹೊಕ್ಕಿತ್ತು. ಹಿತ್ತಲಿಗೆ ಹೋದರೆ, ಹಾಲಿಗೆ ಬಾಯಿ ಹಾಕಿದ ಬೆಕ್ಕನ್ನು ಯಾರೋ ಸ್ವಚ್ಛ ದನಿಯಲ್ಲಿ ಬೈಯುತ್ತಿದ್ದಾರೆ. ಅಪ್ಪ! ನನ್ನನ್ನು ಕಂಡು ಕೆಮ್ಮಿದ. ಆ ಕೆಮ್ಮಿಗೆ ತಳವೇ ಇರಲಿಲ್ಲ. ನಾನು ಅದನ್ನು ಹಾಗೇ ಕೆಮ್ಮಿ ತೋರಿಸಿದಾಗ ಸೋತ.

"ನನ್ನ ದನಿ ಹೊಂಟ್ರ ಅಕಿ ದನಿ ಯಾರ್ ಕೇಳ್ತಾರಲೇ? ನಾ ಸುಮ್ಮನ ಕುಂತ್ರ ನೀ ನನ್ನ ಬಾಯಾಗಿ ಕುಂತೀದಿ."

ಯಾವತ್ತಿನಿಂದ ನಾಟಕ ಎಂದು ಕೇಳಿದೆ. ಮತ್ತೆ ಕೆಮ್ಮಿದ.

ಗುರುವಾರ ಒಳ್ಳೆಯ ಮಾಲು ಬಂತು. ಅಕ್ಕ ತಳದ ಹಿಡಿ ತೆಗೆಯುತ್ತಿದ್ದಾಗ ಫೋನು ಬಡಿದುಕೊಂಡಿತು. ನಾನೇ ಎತ್ತಿದೆ. ನಾಲಿಗೆ ಚಾಳಿ ಬಿಡಲಿಲ್ಲ, 'ಹೂಂ' ಎಂದುಬಿಟ್ಟೆ.

"ಅಣ್ಣಾರ, ಆರಾಮಾದ್ರಿ? ನೀವು ಇರ್ರಿ. ಮಗಳಿಗೆ ಕೊಡ್ರಿ."

ಸೋಮವಾರದ ಮಾಲನ್ನು ಮಾಲೀಕರು ಬೇರೆ ಅಂಗಡಿಯಿಂದ ತರಿಸಿಕೊಂಡಿದ್ದರಂತೆ. ಗಿರಣಿಯಲ್ಲಿ ಚೀಲ ಸುರಿದರೆ, ತಳದ ಕಾಯಿ ಮುರಿಯದೆ ಮೆತ್ತಗೆ ಬಾಗಿದವಂತೆ. ಇವತ್ತಿನದು ಹೇಗಿದೆ ಎಂದು ಅವರಿಗೆ ಅಕ್ಕನನ್ನೇ ಕೇಳಬೇಕಿತ್ತು.

ಅಕ್ಕ ಫೋನು ಇಸಿದುಕೊಂಡಳು. ಹಿಡಿಯಲ್ಲಿದ್ದ ಕಾಯಿಗಳನ್ನು ಫೋನಿನ ಹತ್ತಿರ ಹಿಡಿದು ಅಲ್ಲಾಡಿಸಿದಳು. ಅಪ್ಪ ಬೇರೆಲ್ಲೋ ನೋಡುತ್ತ ನಿಂತಿದ್ದ.

ಆ ಸಪ್ಪಳವನ್ನು ಬಾಯಲ್ಲಿ ತೆಗೆಯಲು ನಾನು ಇಂದಿಗೂ ಹೆಣಗುತ್ತಿದ್ದೇನೆ. ಬರುತ್ತಿಲ್ಲ.